ಟ್ರಿನಿಡಾಡ್ ಸಿನಿಮಾಕ್ಕೂ ಸ್ವಲ್ಪ ಜಾಗ ಕೊಡಿ

ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಹೊರದೇಶ ಅಂದರೆ ಹಾಲಿವುಡ್, ಅದು ಬಿಟ್ಟರೆ ಕೊರಿಯಾ. ಬ್ರಾವೊ, ಪೊಲಾರ್ಡ್, ನರೈನ್ ಐಪಿಎಲ್‌ನಿಂದಾಗಿ ನಮ್ಮ ಮಕ್ಕಳಿಗೂ ಗೊತ್ತು, ಆದರೆ ಅವರ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಜನ ಏನು ಹಾಡುತ್ತಾರೆ ಅಂತ ಎಷ್ಟು ಜನಕ್ಕೆ ಗೊತ್ತು? ಅದಕ್ಕೇ 2016ರಲ್ಲಿ ತೆರೆಕಂಡ ‘ಬಜೋಡಿ’ ಬಗ್ಗೆ ಬರೆಯುತ್ತಿದ್ದೇನೆ.

ಕಥೆ ತೀರಾ ಮಾಮೂಲಿ. ಸಾಲದಲ್ಲಿ ಮುಳುಗಿದ ಭಾರತೀಯ ಮೂಲದ ವ್ಯಾಪಾರಿಯಾಗಿ ನಮ್ಮ ಕಬೀರ್ ಬೇಡಿ. ಮಗಳಿಗೆ ಲಂಡನ್ನಿನ ಶ್ರೀಮಂತ ವರ ಗೊತ್ತಾಗಿದೆ, ಅವಳ ಮನಸ್ಸು ಮಾತ್ರ ನಿಶ್ಚಿತಾರ್ಥಕ್ಕೆ ಹಾಡಲು ಒಪ್ಪಿದ ಗಾಯಕನ ಮೇಲೆ. ಇಂಥವು ಕನ್ನಡದಲ್ಲೇ ಬೇಕಾದಷ್ಟು ಬಂದಿವೆ ಅಲ್ವಾ. ಗಾಯಕನ ಪಾತ್ರದಲ್ಲಿ ಅಲ್ಲಿಯ ಸೋಕಾ ಸಂಗೀತದ ದೊಡ್ಡ ಹೆಸರು ಮಷೆಲ್ ಮೊಂಟಾನೊ. ನಟನೆ ಸುಮಾರು, ಹಾಡಲು ನಿಂತರೆ ಬೇರೆಯೇ ಮನುಷ್ಯ.

ಇದನ್ನು ಬಾಲಿವುಡ್ ನಕಲು ಅನ್ನುವವರಿಗೆ ಮಾತ್ರ ನನ್ನ ತಕರಾರಿದೆ. ಕಬ್ಬಿನ ತೋಟದ ದುಡಿಮೆಗೆಂದು ಕರಾರಿನ ಮೇಲೆ ಭಾರತದಿಂದ ಆಳು ತುಂಬಿಕೊಂಡ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿದ್ದು 1845ರ ಮೇ 30ರಂದು. ಹೆಚ್ಚಿನವರು ಭೋಜಪುರಿ ಸೀಮೆಯವರು, ಮದರಾಸಿನಿಂದ ಹಡಗು ಹತ್ತಿದವರೂ ಇದ್ದರು. ಧೋಲಕ್, ತಾಸೆ ಅವರ ಜೊತೆಗೇ ಹೋದವು. ತಾಸೆಯನ್ನು ಅಲ್ಲಿ ಬೆಂಕಿಗೆ ಹಿಡಿದು ಕಾಯಿಸಿ ಬಾರಿಸುತ್ತಾರೆ, ನಮ್ಮ ತಮಟೆಯವರ ಹಾಗೇ. ಇನ್ನು 1970ರ ದಶಕದ ಶುರುವಿನಲ್ಲಿ ಲಾರ್ಡ್ ಶಾರ್ಟಿ ಅನ್ನುವ ಆಫ್ರಿಕನ್ ಮೂಲದ ಗಾಯಕ ತನ್ನ ಕ್ಯಾಲಿಪ್ಸೊಗೆ, ಅಂದರೆ ಅಲ್ಲಿಯ ಹಳೆಯ ಜನಪ್ರಿಯ ಹಾಡಿನ ಶೈಲಿಗೆ, ಧೋಲಕ್ ಸೇರಿಸಿದ, ಉದ್ದನೆಯ ಕಬ್ಬಿಣದ ಸಲಾಕೆಗೆ ಲಾಳದಂಥ ತುಂಡಿನಿಂದ ಹೊಡೆಯುವ ಧಂತಾಲ್ ಕೂಡ ಸೇರಿಸಿದ, ಕ್ಯಾಲಿಪ್ಸೊ ಕೆಡಿಸಿಬಿಟ್ಟೆ ಅಂತ ಬೈಸಿಕೊಂಡ. ಆಗ ಮಾಡಿದ್ದೇನು ಗೊತ್ತಾ? ಆ ವಾದ್ಯಗಳನ್ನು ಪಕ್ಕಕ್ಕಿಟ್ಟು ಅವುಗಳ ತಾಳವನ್ನು ಡ್ರಮ್ಸು, ಗಿಟಾರಿಗೆ ದಾಟಿಸಿದ! ಬೈದವರೂ ಕುಣಿದರು. ಸೋಕಾ ಬೆಳೆದದ್ದು ಹೀಗೆ.

ಇದು ಗೊತ್ತಿದ್ದರೆ ಸಿನಿಮಾ ಬೇರೆ ಥರ ಕಾಣುತ್ತದೆ. ಭಾರತೀಯ ಮನೆತನದ ಹುಡುಗಿ, ಆಫ್ರಿಕನ್ ಮೂಲದ ಹುಡುಗ ಒಂದಾಗುತ್ತಾರೋ ಇಲ್ಲವೋ ಅಂತ ಕಥೆ ಎಳೆದಾಡುತ್ತದೆ, ಆದರೆ ಅವನು ಹಾಡುವ ಹಾಡಿನಲ್ಲೇ ಆ ಮದುವೆ ಸಿನಿಮಾಕ್ಕೂ ನಲವತ್ತು ವರ್ಷ ಮೊದಲೇ ಆಗಿಹೋಗಿದೆ. ಗೊತ್ತಿಲ್ಲದಿದ್ದರೆ ಸುಮ್ನೆ ಕಾರ್ನಿವಲ್ ಕುಣಿತ, ಬಣ್ಣದ ಗರಿ, ಅಷ್ಟೇ.

ಚಟ್ನಿ ಅಂತಲೇ ಕರೆಯುವ ಇನ್ನೊಂದು ಸಂಗೀತವೂ ಅಲ್ಲಿದೆ, ಭೋಜಪುರಿ ಮದುವೆ ಹಾಡುಗಳಿಂದ ಹುಟ್ಟಿದ್ದು, ಅದನ್ನು ಹೇಳಲು ಈ ಪತ್ರ ಸಾಲದು. ಭಾನುವಾರದ ಪುರವಣಿಯಲ್ಲಿ ಇದರ ಬಗ್ಗೆ ಗೊತ್ತಿರುವವರಿಂದ ಒಂದು ಲೇಖನ ಬರೆಸಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದವರು ಇದನ್ನು ಓದಿದರೆ, ಮುಂದಿನ ಸಲ ಕೆರಿಬಿಯನ್ ಸಿನಿಮಾ ಎರಡಾದರೂ ಹಾಕಲಿ, ಸೌಂಡು ಚೆನ್ನಾಗಿರುವ ಥಿಯೇಟರಿನಲ್ಲೇ.

- ಒಬ್ಬ ಓದುಗ, ಮೈಸೂರು