ನಾಲ್ಕು ದಿನಕ್ಕೆ ತಮ್ಮನನ್ನು ಎಲ್ಲಿ ಬಿಡಲಿ?

ಮಾನ್ಯ ಸಂಪಾದಕರೇ,

ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಯುಗಾದಿಗೆ ಮುಂಚೆಯೇ ಹೇಳಿದ್ದಾರೆ. ನಾಲ್ಕು ದಿನ ಆಸ್ಪತ್ರೆ, ಆಮೇಲೆ ಆರು ವಾರ ತುಂಬಿದ ಕೊಡವನ್ನೂ ಎತ್ತುವಂತಿಲ್ಲ. ಕೊಡದ ಮಾತಿರಲಿ, ನಾನು ದಿನಕ್ಕೆ ಆರು ಸಲ ಎತ್ತುವುದು ನನ್ನ ತಮ್ಮನನ್ನು. ಅವನಿಗೆ 41 ವರ್ಷ, ತೂಕ 48 ಕೆ.ಜಿ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ; ಮೆದುಳಿಗಾದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವನು ನಿಟುವಳ್ಳಿಯ ನಮ್ಮ ಮನೆಯಲ್ಲಿದ್ದಾನೆ. ಯಜಮಾನರು ಲಾರಿ ಚಾಲಕರು, ಊರಲ್ಲಿರುವುದೇ ಅಪರೂಪ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನೆನೆಸಿ ಹಿಂಡಿದ ಮಂಡಕ್ಕಿಯನ್ನು ಹಾಲಿನಲ್ಲಿ ಕಿವುಚಿ, ಅವನ ಗದ್ದ ಹಿಡಿದು, ನಾಲಿಗೆಯ ಬಲಬದಿಗೆ ಚಮಚ ಇಡಬೇಕು. ಎಡಕ್ಕೆ ಇಟ್ಟರೆ ಉಸಿರು ಕಟ್ಟುವಷ್ಟು ಕೆಮ್ಮು. ಅಮ್ಮ ಹೋದ ಮೇಲೆ ಇದನ್ನು ಬಲ್ಲವಳು ನಾನೊಬ್ಬಳೇ.

ವಿಚಾರಿಸದ ಕಡೆಯಿಲ್ಲ. ಒಂದು ವಸತಿ ಸಂಸ್ಥೆಯವರು, ‘ಬಿಡುವುದಾದರೆ ಪೂರ್ತಿ ಬಿಟ್ಟುಬಿಡಿ, ನಾಲ್ಕು ದಿನದ ಲೆಕ್ಕ ನಮ್ಮಲ್ಲಿಲ್ಲ’ ಎಂದರು. ಇನ್ನೊಂದು ಕಡೆ ಮಕ್ಕಳಿಗೆ ಮಾತ್ರ ಜಾಗ. ಹೋಮ್ ನರ್ಸ್ ಇಡೋಣವೆಂದರೆ ಒಂದು ದಿನಕ್ಕೆ ನನ್ನ ಐದು ರವಿಕೆಯ ಕೂಲಿ ಹೋಗುತ್ತದೆ. ನೆಂಟರು ‘ನಿನ್ನದು ಪುಣ್ಯದ ಕೆಲಸ’ ಎನ್ನುತ್ತಾರೆ. ಆ ಪುಣ್ಯದಲ್ಲಿ ಪಾಲು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಶಸ್ತ್ರಚಿಕಿತ್ಸೆ ಎರಡು ಸಲ ಮುಂದಕ್ಕೆ ಹೋಯಿತು. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡೇ ಎತ್ತುತ್ತಿದ್ದೇನೆ.

ಮೊನ್ನೆ ರಾತ್ರಿ ನೋವು ತಡೆಯಲಾರದೆ 108ಕ್ಕೆ ಕರೆ ಮಾಡಲು ಮೊಬೈಲ್ ತೆಗೆದುಕೊಂಡವಳು ಹಾಗೇ ಇಟ್ಟೆ. ಆಂಬುಲೆನ್ಸ್ ನನ್ನನ್ನು ಕರೆದೊಯ್ಯುತ್ತದೆ, ಸರಿ. ಒಳಗೆ ಮಲಗಿರುವವನನ್ನು ಮಗ್ಗುಲು ಹೊರಳಿಸುವವರು ಯಾರು?

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ವ್ಯಾಪ್ತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇದೆ; ಕುಟುಂಬ ಬಿಕ್ಕಟ್ಟಿಗೆ ಸಿಲುಕಿದಾಗ ಸೇವೆ ಕೊಡುವ ನೋಂದಾಯಿತ ಸಂಸ್ಥೆಗಳಿಗೆ ನೆರವಾಗುವುದು ಅದರ ಉದ್ದೇಶಗಳಲ್ಲೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಆರೈಕೆದಾರರ ಭತ್ಯೆಯ ಮಾತನ್ನೂ ಆಡುತ್ತದೆ. ನಮ್ಮ ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವಿದೆ. ಜಿಲ್ಲಾಡಳಿತ ಮನಸ್ಸು ಮಾಡಿ ಎಲ್ಲಾದರೂ ನಾಲ್ಕೈದು ಹಾಸಿಗೆ ಮೀಸಲಿಡಲಿ. ವಾರದ ಮಟ್ಟಿಗೆ, ದೊಡ್ಡವರನ್ನೂ ಸೇರಿಸಿಕೊಳ್ಳಲಿ. ರಾತ್ರಿ ಹೊತ್ತು ಕರೆದರೆ ಮನೆಗೇ ಬರುವ ತರಬೇತಾದ ಒಬ್ಬರಿದ್ದರೂ ಸಾಕು.

ದಸರಾ ಮುಗಿದ ಮೇಲಕ್ಕೆ ವೈದ್ಯರು ಮತ್ತೊಂದು ದಿನ ಕೊಟ್ಟಿದ್ದಾರೆ. ಚಮಚ ಇಡುವ ಬಗೆಯನ್ನು ಯಾರನ್ನೇ ಕಳಿಸಿದರೂ ಕೂರಿಸಿಕೊಂಡು ಕಲಿಸಿಕೊಡುತ್ತೇನೆ.

– ಓರ್ವ ಅಕ್ಕ, ನಿಟುವಳ್ಳಿ, ದಾವಣಗೆರೆ