ಆಸ್ಪತ್ರೆ ಬಿಲ್ ವಿಚಾರ – ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಆಸ್ಪತ್ರೆ ಬಿಲ್ಲಿನ ಮಾತೇ ಜಾಸ್ತಿ. ಸುಮ್ನೆ ಬೈದರೆ ಬಿಲ್ ಇಳಿಯುವುದಿಲ್ಲ ಅಲ್ವಾ? ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ.

ಮಂಡ್ಯವಾಗಲಿ ಮೈಸೂರಾಗಲಿ, ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ. ದರಪಟ್ಟಿ ಕಣ್ಣಿಗೆ ಕಾಣುವಂತೆ ಹಾಕಿರಬೇಕು. ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಿ ಎಂದು ಕಾಯಿಸುವಂತಿಲ್ಲ. ಬಾಕಿ ಇದೆ ಎಂದು ಶವ ಕೊಡದೆ ಸತಾಯಿಸುವಂತೆಯೂ ಇಲ್ಲ. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ, ದೂರು ಬರೆದೇ ಕೊಡಿ.

ಹೃದಯದ ಸ್ಟೆಂಟ್‌ಗೆ (ರಕ್ತನಾಳ ತೆರೆದಿಡಲು ಹಾಕುವ ಸಣ್ಣ ಕೊಳವೆ) 2017ರಿಂದ ಕೇಂದ್ರದ ಬೆಲೆ ಮಿತಿ ಇದೆ. ಮಂಡಿ ಬದಲಿಸುವ ಇಂಪ್ಲಾಂಟ್‌ಗೂ ಅದೇ ವರ್ಷ ಮಿತಿ ಬಂತು. ಆದರೆ ಸ್ಟೆಂಟಿನಲ್ಲಿ ಬಿಟ್ಟದ್ದನ್ನು ರೂಮ್ ಬಾಡಿಗೆ, ಕೈಗವಸು, ಸಿರಿಂಜ್ ಹೆಸರಿನಲ್ಲಿ ಹಿಡಿಯಬಹುದು. ಅದಕ್ಕೇ ಒಟ್ಟು ಮೊತ್ತದ ಒಂದು ಹಾಳೆ ಕೊಟ್ಟರೆ ಒಪ್ಪಬೇಡಿ, ಬಿಡಿಬಿಡಿಯಾದ ಬಿಲ್ ಕೇಳಿ. ಕೌಂಟರಿನವರು ಮುಖ ಗಂಟಿಕ್ಕಿದರೆ ಇಕ್ಕಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಲು, ಹುಟ್ಟಿದ ಮಗು ತೋರಿಸಲು ಕೈಚಾಚಿದರೆ ಅದು ಲಂಚವೇ, ‘ಖುಷಿಗೆ’ ಅಲ್ಲ. ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಗುಂಪಿನಲ್ಲಿ ಬಿಲ್ ಫೋಟೋ ಹಾಕುವವರು ರೋಗಿಯ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿ. ಡಾಕ್ಟರ ಹೆಸರು ಹಿಡಿದು ಬೈಯುವ ಮೆಸೇಜ್ ಬಂದರೆ ಅಳಿಸುತ್ತೇನೆ.