ಮಾನಿಟರ್ ಬದಲಿಸುವ ಮುನ್ನ ಕೇಬಲ್ ಬದಲಿಸಿ

ಮಾನ್ಯ ಸಂಪಾದಕರೇ,

ನಮ್ಮ ಎರಡನೇ ಹಂತದ ನೀರಿನ ಟ್ಯಾಂಕಿನ ಎದುರಿಗಿರುವ ಕಚೇರಿಯ ಹೊಸ ಮಾನಿಟರ್‌ಗಳ ಬಗ್ಗೆ ಮಂಗಳವಾರ ನಿಮ್ಮ ನಗರ ಪುಟದಲ್ಲಿ ಬಂದ ವರದಿಯನ್ನು ಓದಿ, ಅದೇ ದಿನ ಅದೇ ಕಚೇರಿಯ ಸಾಲಿನಲ್ಲಿ ಎರಡೂವರೆ ಗಂಟೆ ನಿಂತು, ಆ ಸಿಟ್ಟು ಆರುವ ಮೊದಲೇ ಈ ಪತ್ರ ಬರೆಯುತ್ತಿದ್ದೇನೆ. ಪರದೆಗಳು ಕಳಪೆಯಾಗಿವೆ, ಅಕ್ಷರಗಳು ಮಸುಕಾಗಿ ಕಾಣುತ್ತವೆ, ಅದರಿಂದಲೇ ಪ್ರಮಾಣಪತ್ರಗಳಲ್ಲಿ ಹೆಸರುಗಳು ತಪ್ಪಾಗುತ್ತಿವೆ, ಆದ್ದರಿಂದ ಎಲ್ಲ ಮಾನಿಟರ್‌ಗಳನ್ನೂ ಬದಲಾಯಿಸುವಂತೆ ಮೇಲಿನವರಿಗೆ ಬರೆಯಲಾಗಿದೆ ಎಂದು ಅಧಿಕಾರಿಗಳು ನಿಮ್ಮ ವರದಿಗಾರರಿಗೆ ಹೇಳಿದ್ದಾರೆ. ವರದಿಯ ಜೊತೆಗೆ ನೀವೇ ಅಚ್ಚು ಹಾಕಿರುವ ಚಿತ್ರವನ್ನು ಅವರು ಒಮ್ಮೆ ನೋಡಿದ್ದರೆ ಸಾಕಿತ್ತು. ಮೇಜಿನ ಹಿಂಬದಿಯಲ್ಲಿ ಜೋತಾಡುತ್ತಿರುವ, ಎರಡು ತಿರುಪುಗಳುಳ್ಳ ಆ ನೀಲಿ ಮೂತಿಯ ಕೇಬಲ್ ಪತ್ರಿಕೆಯ ಮಸುಕು ಚಿತ್ರದಲ್ಲಿಯೂ ಕಾಣುತ್ತದೆ. ಅದರ ಮುಂದೆಯೇ ದಿನವಿಡೀ ಕೂರುವವರಿಗೆ ಮಾತ್ರ ಕಂಡಿಲ್ಲ.

ಆ ನೀಲಿ ಮೂತಿಯ ಹೆಸರು ವಿಜಿಎ. 1987ರಲ್ಲಿ ಐಬಿಎಂ ಕಂಪನಿಯು ತನ್ನ ಪಿಎಸ್/2 ಕಂಪ್ಯೂಟರ್‌ಗಳೊಂದಿಗೆ ತಂದ ಈ ಏರ್ಪಾಡು, ಹಿಂದೆ ಗೂನು ಬೆನ್ನು ಹೊತ್ತು ಕೂರುತ್ತಿದ್ದ ಹಳೆಯ ಗಾಜಿನ ಮಾನಿಟರ್‌ಗಳಿಗೆ ಸರಿಯಾಗಿಯೇ ಇತ್ತು. ತಂತಿಯಲ್ಲಿ ವಿದ್ಯುತ್ತಿನ ಒತ್ತಡ ಏರಿದಂತೆ ಬೆಳಕು ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಇಂದಿನ ಚಪ್ಪಟೆ ಪರದೆಯ ಲೆಕ್ಕ ಬೇರೆ. 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕೆಗಳು, ಪ್ರತಿ ಚುಕ್ಕೆಯ ಬಣ್ಣವೂ ಒಂದು ಅಂಕಿ. ವಿಜಿಎ ಹಾಕಿದಾಗ ಕಂಪ್ಯೂಟರು ಈ ಅಂಕಿಗಳನ್ನು ಒತ್ತಡವನ್ನಾಗಿ ಮಾಡಿ ತಂತಿಗೆ ಬಿಡುತ್ತದೆ. ಮಾನಿಟರು ಆ ಒತ್ತಡವನ್ನು ಅಳೆದು, ಇದು ಯಾವ ಚುಕ್ಕೆಯದು ಎಂದು ಅಂದಾಜು ಮಾಡಿ, ಮತ್ತೆ ಅಂಕಿ ಮಾಡಿಕೊಳ್ಳುತ್ತದೆ. ಕಡತವನ್ನು ಕೈಗೆ ಕೊಡುವ ಬದಲು ಒಬ್ಬರು ಓದಿ ಹೇಳಿ ಇನ್ನೊಬ್ಬರು ಕೇಳಿ ಬರೆದುಕೊಂಡ ಹಾಗೆ. ಅಂದಾಜು ಕೂದಲೆಳೆಯಷ್ಟು ತಪ್ಪಿದರೂ ಅಕ್ಷರದ ಅಂಚು ಪಕ್ಕದ ಚುಕ್ಕೆಗೆ ಸೋರುತ್ತದೆ. ಎಚ್‌ಡಿಎಂಐ, ಡಿವಿಐ-ಡಿ, ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಅಂಕಿ ಅಂಕಿಯಾಗಿಯೇ ಹೋಗುವುದರಿಂದ ಈ ರಗಳೆಯೇ ಇಲ್ಲ. 2010ರ ಡಿಸೆಂಬರ್‌ನಲ್ಲಿಯೇ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಎಲ್ಲವೂ ಸೇರಿ 2015ರ ಹೊತ್ತಿಗೆ ವಿಜಿಎಯನ್ನು ಕೈಬಿಡುವ ಮಾತಾಡಿದ್ದವು. ಆ ಸುದ್ದಿ ನಮ್ಮ ನೀರಿನ ಟ್ಯಾಂಕಿನವರೆಗೆ ಇನ್ನೂ ಬಂದಿಲ್ಲ.

ಇಂಗ್ಲಿಷ್ ಅಕ್ಷರಗಳು ಈ ಮಸುಕನ್ನು ಹೇಗೋ ತಾಳಿಕೊಳ್ಳುತ್ತವೆ, ಕನ್ನಡದವು ತಾಳುವುದಿಲ್ಲ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು ಮಾತ್ರ. ಇದನ್ನು ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ, ದಂಡ ತೆತ್ತು ಕಲಿತವನಾಗಿ ಬರೆಯುತ್ತಿದ್ದೇನೆ. ನಾನು ಮನೆಯಲ್ಲಿಯೇ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಸಿದ್ಧಪಡಿಸುವ ಕೆಲಸ ಮಾಡುವವನು. ಕಳೆದ ತಿಂಗಳು 24 ಇಂಚಿನ ಹೊಸ ಮಾನಿಟರ್ ಕೊಂಡಾಗ ಡಬ್ಬಿಯಲ್ಲಿ ಇದ್ದದ್ದು ವಿಜಿಎ ಕೇಬಲ್ ಒಂದೇ. ಮಾನಿಟರಿನ ಹಿಂದೆ ಎಚ್‌ಡಿಎಂಐ ಕಿಂಡಿಯೂ ಇದೆಯಲ್ಲ ಎಂದು ಕೇಳಿದ್ದಕ್ಕೆ ಅಂಗಡಿಯವರು, ‘ಯಾವುದು ಹಾಕಿದ್ರೂ ಪಿಕ್ಚರ್ ಬರುತ್ತೆ ಸಾರ್’ ಎಂದರು. ಚಿತ್ರವೇನೋ ಬಂತು, ಅದರ ಜೊತೆಗೆ ತಲೆನೋವೂ ಬಂತು. ಕನ್ನಡಕದ ನಂಬರು ಹೆಚ್ಚಾಗಿರಬೇಕೆಂದು ಕಣ್ಣಿನ ವೈದ್ಯರ ಬಳಿಗೆ ಹೋದೆ. ನಂಬರು ಇದ್ದಲ್ಲೇ ಇದೆ ಎಂದು ಹೇಳುವುದಕ್ಕೆ ಅವರೂ ಶುಲ್ಕ ತೆಗೆದುಕೊಂಡರು. ಅದೇ ವಾರ ಒಂದು ಮದುವೆಯ ಕರೆಯೋಲೆಯಲ್ಲಿ ಶಿಫ್ಟ್ ಕೀಲಿ ಸರಿಯಾಗಿ ಒತ್ತದೆ ‘ವಧು’ ಎಂಬುದು ‘ವದು’ ಆಗಿದ್ದು, ಮೂರು ಸಲ ಓದಿದರೂ ಆ ಸೀಳು ಇಲ್ಲದಿರುವುದು ನನಗೆ ಕಾಣದೆ, 500 ಪ್ರತಿಗಳು ಅಚ್ಚಾಗಿ ಬಂದವು. ‘ನಮ್ಮ ಹುಡುಗಿ ನಿಮ್ಮ ಕಣ್ಣಿಗೆ ಅಲ್ಪಪ್ರಾಣವಾಗಿ ಕಂಡಳೇ?’ ಎಂದು ಹೆಣ್ಣಿನ ತಂದೆ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುಮುದ್ರಣ ನನ್ನ ಖರ್ಚಿನಲ್ಲಿಯೇ ಆಯಿತು.

ಆಮೇಲೆ ಕೇಬಲ್‌ನ ಬೇಟೆ. ಮೊದಲು ಪಕ್ಕದ ರಸ್ತೆಯ ಅಂಗಡಿಯವರು ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ವಿಜಿಎ ಇರುವ ಕೇಬಲ್ ಕೊಟ್ಟು ₹180 ತೆಗೆದುಕೊಂಡರು. ಅಂಕಿಯನ್ನು ಒತ್ತಡವನ್ನಾಗಿ ಮಾಡುವ ಸಣ್ಣ ಸರ್ಕ್ಯೂಟ್ ಒಳಗಿಲ್ಲದಿದ್ದರೆ ಅಂಥ ಕೇಬಲ್ ಬಟ್ಟೆ ಒಣಗಿಸಲು ಮಾತ್ರ ಬರುತ್ತದೆ. ನನ್ನದು ಇಂದಿಗೂ ಬಾಲ್ಕನಿಯಲ್ಲಿದೆ. ಕೊನೆಗೆ ಒಂದು ಮಧ್ಯಾಹ್ನದ ಕೆಲಸ ಬಿಟ್ಟು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ, ಚಿನ್ನದ ಲೇಪವಿರುವ ₹1,400ರ ಕೇಬಲ್‌ನ ಗುಣಗಾನವನ್ನು ಕೇಳಿಸಿಕೊಂಡು, ಅಂಕಿ ತಲುಪಿದರೆ ಸರಿಯಾಗಿ ತಲುಪುತ್ತದೆ, ತಲುಪದಿದ್ದರೆ ಪರದೆ ಮಿನುಗಿ ತಾನೇ ಹೇಳುತ್ತದೆ, ಅದಕ್ಕೆ ಒಡವೆ ಹಾಕಬೇಕಾಗಿಲ್ಲ ಎಂದು ತಿಳಿದಿದ್ದರಿಂದ ₹250ರ ಎರಡು ಎಚ್‌ಡಿಎಂಐ ಕೇಬಲ್ ತಂದೆ. ಹಾಕಿದ ಕೂಡಲೇ ಕಂಪ್ಯೂಟರು ನನ್ನ ಮಾನಿಟರನ್ನು ಟಿವಿ ಎಂದು ತಿಳಿದು ನಾಲ್ಕೂ ಅಂಚುಗಳನ್ನು ಕತ್ತರಿಸಿ ತೋರಿಸಿತು ಎಂಬುದನ್ನೂ ಹೇಳಬೇಕು. ಸೆಟ್ಟಿಂಗ್‌ನಲ್ಲಿ ಐದು ನಿಮಿಷದ ಕೆಲಸ. ಅದು ಮುಗಿದ ಮೇಲೆ ‘ಧ’ದ ಸೀಳು ಚಾಕುವಿನಿಂದ ಕೊರೆದಂತೆ ಕಾಣತೊಡಗಿತು, ತಲೆನೋವು ಹೋಯಿತು.

ಇಷ್ಟೆಲ್ಲ ಅನುಭವಿಸಿದವನು ಮಂಗಳವಾರ ಆ ಕಚೇರಿಗೆ ಹೋದದ್ದು ನನ್ನ ತಂದೆಯವರ ಹೆಸರಿನಲ್ಲಿ ‘ಧ’ ಇರಬೇಕಾದ ಕಡೆ ‘ದ’ ಎಂದು ಟೈಪಾಗಿರುವುದನ್ನು ತಿದ್ದಿಸಲು. ಇದು ಮೂರನೆಯ ಸಲ. ಮೊದಲ ಸಲ ಅಫಿಡವಿಟ್ ಕೇಳಿದರು, ಎರಡನೆಯ ಸಲ ಅಫಿಡವಿಟ್‌ನ ಎರಡು ನಕಲು ಕೇಳಿದರು, ಈ ಸಲ ‘ಹೊಸ ಮಾನಿಟರ್ ಬಂದ ಮೇಲೆ ಬನ್ನಿ’ ಎಂದರು. ಕೌಂಟರಿನ ಸಂದಿಯಿಂದ ನೋಡಿದರೆ ಕಂಪ್ಯೂಟರಿನ ಬೆನ್ನಿನಲ್ಲಿ ಎಚ್‌ಡಿಎಂಐ ಕಿಂಡಿ ಖಾಲಿ, ಮಾನಿಟರಿನದೂ ಖಾಲಿ. ಸಾಲದ್ದಕ್ಕೆ 1920×1080ರ ಪರದೆಯನ್ನು 1024×768ಕ್ಕೆ ಇಟ್ಟಿದ್ದರಿಂದ ಅಕ್ಷರಗಳೆಲ್ಲ ಮೇಲಿಂದ ಒತ್ತಿದ ಹಪ್ಪಳದಂತೆ ಅಗಲವಾಗಿದ್ದವು. ವಿಜಿಎಯನ್ನೇ ಇಟ್ಟುಕೊಂಡರೂ ಅಳತೆಯನ್ನು ಸರಿಪಡಿಸಿ ಮಾನಿಟರಿನ ‘ಆಟೋ’ ಗುಂಡಿ ಒತ್ತಿದರೆ ಅರ್ಧ ರೋಗ ವಾಸಿಯಾಗುತ್ತದೆ. ಅದನ್ನು ಹೇಳಿದ್ದಕ್ಕೆ ಕೌಂಟರಿನಲ್ಲಿದ್ದ ಹೆಣ್ಣುಮಗಳು ಪಾಪ, ‘ನಾವು ಏನೂ ಮುಟ್ಟೋ ಹಾಗಿಲ್ಲ ಸಾರ್, ಎಎಂಸಿಯವರೇ ಬರಬೇಕು’ ಎಂದರು. ಎಎಂಸಿ ಎಂದರೆ ಯಂತ್ರಗಳನ್ನು ನೋಡಿಕೊಳ್ಳುವ ವಾರ್ಷಿಕ ಗುತ್ತಿಗೆ. ಒಳಗಿನ ಕೋಣೆಯ ಸಾಹೇಬರು ಮಾತ್ರ ‘ನೀವೇನು ಇಂಜಿನಿಯರಾ?’ ಎಂದು ಕೇಳಿದರು. ಚೀಲದಲ್ಲಿದ್ದ ನನ್ನ ಎರಡನೆಯ ಕೇಬಲ್ಲನ್ನು ಪುಕ್ಕಟೆಯಾಗಿ ಕೊಡಲು ಹೋದರೆ, ಹೊರಗಿನ ಸಾಮಗ್ರಿಯನ್ನು ಸ್ವೀಕರಿಸಲು ಆದೇಶವಿಲ್ಲವಂತೆ. ಹೊರಗಿನವರ ₹250ಕ್ಕೆ ಇಲ್ಲದ ಆದೇಶ, ಚೆನ್ನಾಗಿರುವ ಮಾನಿಟರ್‌ಗಳನ್ನು ಗುಜರಿಗೆ ಹಾಕುವುದಕ್ಕೆ ಎಲ್ಲಿಂದ ಬರುತ್ತದೆಯೋ!

ಈ ಕಚೇರಿಗೆ ಇದು ಹೊಸದೇನಲ್ಲ. ಹಿಂದೆ ಯುಪಿಎಸ್ ಬಂದಾಗ ಅದರ ಬ್ಯಾಟರಿ ಬರಲಿಲ್ಲ, ಕರೆಂಟು ಹೋದರೆ ಇಂದಿಗೂ ಎಲ್ಲರೂ ಎದ್ದು ಕಾಫಿಗೆ ಹೋಗುತ್ತಾರೆ. ಟೋಕನ್ ಯಂತ್ರ ಬಂದಿತು, ಅದಕ್ಕೆ ಹಾಕುವ ಕಾಗದದ ಸುರುಳಿ ಮುಗಿದ ದಿನದಿಂದ ಅದರ ಮೇಲೆ ಗಣಪತಿಯ ಕ್ಯಾಲೆಂಡರ್ ತೂಗುತ್ತಿದೆ. ಪ್ರಿಂಟರಿನ ಕಥೆಯನ್ನು ಇದೇ ಅಂಕಣದಲ್ಲಿ ನಾನೇ ಹಿಂದೆ ಬರೆದಿದ್ದೆ. ಆ ಪತ್ರ ಪ್ರಕಟವಾದ ಮೇಲೆ ಆದ ಬದಲಾವಣೆಯೆಂದರೆ ಕಾವಲುಗಾರರು ನನ್ನ ಮುಖ ಗುರುತಿಟ್ಟುಕೊಂಡದ್ದು.

ಆದ್ದರಿಂದ ಸಂಬಂಧಪಟ್ಟವರು ದಯವಿಟ್ಟು ಕೇಬಲ್ ಬದಲಿಸಬೇಕು, ಇಲ್ಲವೇ ಕೇಬಲ್ ಬದಲಿಸಲು ಬಿಡದವರನ್ನಾದರೂ ಬದಲಿಸಬೇಕು. ಹೊಸ ಮಾನಿಟರನ್ನೇ ತರುತ್ತೇವೆ ಎಂಬ ಹಟವಿದ್ದರೆ, ಹಣ ಕೊಡುವ ಮೊದಲು ಡಬ್ಬಿ ಬಿಚ್ಚಿ ಒಳಗೆ ಯಾವ ಕೇಬಲ್ ಇದೆ ಎಂದು ನೋಡಲಿ. ಅದಕ್ಕೆ ಇಂಜಿನಿಯರ್ ಆಗಿರಬೇಕಾಗಿಲ್ಲ, ನೀಲಿ ಬಣ್ಣ ಗುರುತು ಹಿಡಿಯಲು ಬಂದರೆ ಸಾಕು. ಯಾವುದೂ ಆಗದಿದ್ದರೆ, ನಾಲ್ಕನೆಯ ಸಲ ಎಂದು ಬರಬೇಕು ಎಂಬುದನ್ನಾದರೂ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಲಿ. ಕೈಯಲ್ಲೇ ಬರೆಯಲಿ, ಮಹಾಪ್ರಾಣ ಉಳಿದೀತು.

ಇಂತಿ,
ನೊಂದ ಓದುಗ, ಎರಡನೇ ಹಂತ, ಬೆಂಗಳೂರು